ಮಣೆಯ ಮೇಲೆ ಕೂತ ಟಿ.ವಿ.

ಮಿರಜದ ಒಂದು ಮದುವೆಯಲ್ಲಿ ಟಿ.ವಿ.ಯೇ ಕನ್ಯಾದಾನ ಮಾಡಿತು ಎಂದು ಜನ ಈಗಲೂ ಹೇಳುತ್ತಾರೆ. ಅದನ್ನು ಮಾಡಿಸಿದ ಡೈರೆಕ್ಟರ್ ಮುದುಕಿ ಇನ್ನೂ ಬದುಕಿದ್ದಾಳೆ ಎಂದು ಯಾರಿಂದಲೋ ತಿಳಿದುಕೊಂಡು, ಕ್ಯಾಮೆರಾ ಕೆಲಸ ಕಲಿಯುವ ಹುಡುಗಿಯರು ಮನೆಗೆ ಬರುತ್ತಾರೆ. ಚಹಾ ಕುಡಿದು, ಮೊಬೈಲು ಮುಂದೆ ಹಿಡಿದು, "ಹೇಳ್ರಿ ಆಜಿ" ಅನ್ನುತ್ತಾರೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಬಂದವರಿಗೆ ಚಹಾ ಕೊಟ್ಟು ಇದನ್ನು ಕೈಗೆ ಕೊಡುತ್ತೇನೆ.

ಟಿ.ವಿ. ಕನ್ಯಾದಾನ ಮಾಡಲಿಲ್ಲ. ತೊಡೆಯ ಎಲುಬು ಮುರಿದುಕೊಂಡು ದವಾಖಾನೆಯಲ್ಲಿ ಮಲಗಿದ್ದ ಒಬ್ಬ ಅಪ್ಪ, ಮಗಳನ್ನು ತನ್ನ ಕೈಯಿಂದಲೇ ಧಾರೆ ಎರೆದು ಕೊಡಬೇಕೆಂದು ಹಟ ಹಿಡಿದಿದ್ದ. ಅವನ ಜಾಗದಲ್ಲಿ ನಾನು ಕೂರುತ್ತೇನೆ ಎಂದು ಅವನ ಅಣ್ಣ ರೇಶ್ಮೆ ಧೋತರ ತೆಗೆದಿಟ್ಟುಕೊಂಡಿದ್ದ. ಜಗಳ ಇಷ್ಟೇ. ಅದು ಹೇಗೆ ಮುಗಿಯಿತು ಅನ್ನುವುದನ್ನು ಹೇಳುತ್ತೇನೆ. ಆದರೆ ಆಗ ನಮ್ಮ ಕೆಲಸ ಹೇಗಿತ್ತು ಅನ್ನುವುದು ಗೊತ್ತಿಲ್ಲದಿದ್ದರೆ ಇದೂ ನಿಮಗೆ ತಿಳಿಯುವುದಿಲ್ಲ. ಈಗ ಎಲ್ಲವೂ ಕಿಸೆಯೊಳಗೆ ಹಿಡಿಸುತ್ತದೆ. ಆಗ ಹಾಗಿರಲಿಲ್ಲ.

ನಾನು ಕಲಿತದ್ದು ಮರಾಠಿ ನಾಲ್ಕನೆಯ ಇಯತ್ತೆ. ಕನ್ನಡದ ಅಕ್ಷರ ಕಲಿಸಿದವಳು ನಮ್ಮವ್ವ, ಬಸದಿಯ ಪೂಜೆಯ ಪುಸ್ತಕ ಮುಂದಿಟ್ಟು. ತವರು ಕವಲಾಪುರ. ಮದುವೆಯಾಗಿ ಮಿರಜಕ್ಕೆ ಬಂದಾಗ ನಮ್ಮವರದು ಒಂದು ಸಣ್ಣ ಫೋಟೊ ಸ್ಟುಡಿಯೋ. ಮಿರಜ ದವಾಖಾನೆಗಳ ಊರು. ದೂರದೂರದಿಂದ ಆಪರೇಶನ್ನಿಗೆ ಬಂದವರು, ಒಳಗೆ ಹೋದರೆ ಹೊರಗೆ ಬರುತ್ತೇವೋ ಇಲ್ಲವೋ ಎಂದು, ಮೊದಲ ದಿನ ಮನೆಯವರನ್ನೆಲ್ಲ ಕರೆತಂದು ಒಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ವಾಸಿಯಾದ ಮೇಲೆ ಹೊಸ ಅಂಗಿ ಹಾಕಿಕೊಂಡು ಇನ್ನೊಂದು. ಅಂಗಡಿ ನಡೆದದ್ದು ಅದರ ಮೇಲೆಯೇ.

ಆಮೇಲೆ ವಿಡಿಯೋ ಬಂತು. ದೇಶದ ಬಾಗಿಲು ತೆರೆಯಿತು ಎಂದು ಪೇಪರಿನವರು ಬರೆಯುತ್ತಿದ್ದ ಕಾಲ ಅದು. ನನಗೆ ಕಂಡದ್ದು ಇಷ್ಟು: ಮೊದಲು ಮುಂಬಯಿಯಿಂದ ಯಾರೋ ಬಟ್ಟೆಯಲ್ಲಿ ಸುತ್ತಿಕೊಂಡು ತರುತ್ತಿದ್ದ ಕ್ಯಾಮೆರಾ ಈಗ ಸಾಂಗ್ಲಿಯ ಅಂಗಡಿಯಲ್ಲಿ ಗಾಜಿನ ಹಿಂದೆ ಕೂತಿತ್ತು. ನಮ್ಮವರು ಅದನ್ನು ತಂದರು. ನಮ್ಮವರ ಕೈ ಬಹಳ ಒಳ್ಳೆಯದು, ಕ್ಯಾಮೆರಾ ಹಿಡಿದರೆ ನೀರು ತುಂಬಿದ ಲೋಟ ಹಿಡಿದ ಹಾಗೆ ಅಲುಗಾಡುತ್ತಿರಲಿಲ್ಲ. ಆದರೆ ಬಾಯಿ ಇಲ್ಲ. ಬುಧಗಾಂವದಲ್ಲಿ ಮೊದಲ ಮದುವೆ ಶೂಟಿಂಗ್ ಮಾಡಿಕೊಂಡು ಬಂದು ಕ್ಯಾಸೆಟ್ ಹಾಕಿ ತೋರಿಸಿದರು. ಊರ ಗಂಡಸರ ಬೆನ್ನೇ ಬೆನ್ನು. ಮದುಮಗಳು ಎರಡು ಬೆನ್ನಿನ ನಡುವೆ ಒಮ್ಮೆ ಇಣುಕಿ ಹೋದಳು.

"ಸರೀರಿ ಅನ್ನಬಾರದೇನ್ರಿ?" ಎಂದೆ.

"ಹಿರ್ಯಾರು ನಿಂತಿದ್ರು. ಹೆಂಗ ಅನ್ನೂದು?" ಎಂದರು.

ಮುಂದಿನ ಮದುವೆಗೆ ಲೈಟು ಹಿಡಿಯುವ ನೆಪದಲ್ಲಿ ನಾನೂ ಹೋದೆ. "ಕಾಕಾ, ನಿಮ್ಮ ಬೆನ್ನಿನ ಫೋಟೋ ಮನ್ಯಾಗ ಹಾಕ್ಕೋತೀರೇನು? ಇಲ್ಲಂದ್ರ ಸರೀರಿ" ಎಂದೆ. ಸರಿದರು. ಆ ದಿನದಿಂದ ಕ್ಯಾಮೆರಾ ಅವರದು, ಮಾತು ನನ್ನದು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಬರಬೇಕು, ಆರತಿಯ ತಟ್ಟೆ ಯಾವ ಕಡೆಯಿಂದ ತಿರುಗಬೇಕು, ಎಲ್ಲ ನಾನೇ ಹೇಳುತ್ತಿದ್ದೆ. ನಮ್ಮವರಿಗೆ ಸೊಂಟ ನೋವು ಶುರುವಾದ ಮೇಲೆ ಕ್ಯಾಮೆರಾವೂ ನನ್ನ ಹೆಗಲಿಗೆ ಬಂತು. ಜನ ಮೊದಲು ನಕ್ಕರು, ಆಮೇಲೆ, ನಮ್ಮ ಕಡೆ ಹೆಂಗಸರನ್ನು ಕರೆಯುವ ಹಾಗೆ, ಡೈರೆಕ್ಟರ್ ಬಾಯಿ ಎಂದು ಕರೆಯತೊಡಗಿದರು. ನಾನು ಬೇಡ ಅನ್ನಲಿಲ್ಲ.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ಆಗಿನ ಹ್ಯಾಲೋಜನ್ ಲೈಟು ಅಂದರೆ ಒಲೆಯ ಬಾಯಿ. ಕವಲಾಪುರದ ಒಂದು ಮದುವೆಯಲ್ಲಿ, ಬೇಸಿಗೆ ಬೇರೆ, ಲೈಟಿನ ಶೆಕೆಗೆ ಮದುಮಗಳ ಕುಂಕುಮ ಕರಗಿ ಮೂಗಿನ ಮೇಲಿಂದ ಇಳಿಯಿತು. ಕ್ಯಾಸೆಟ್ಟಿನಲ್ಲಿ ನೋಡಿದರೆ ಯಾರೋ ಹೊಡೆದ ಹಾಗೆ. ಹುಡುಗಿಯ ಅತ್ತೆ ಆ ಕ್ಯಾಸೆಟ್ಟನ್ನು ಯಾರಿಗೂ ತೋರಿಸಗೊಡಲಿಲ್ಲವಂತೆ. ಅಂದಿನಿಂದ ಲೈಟಿನ ಮುಂದೆ ತೆಳುವಾದ ಬಿಳಿ ಬಟ್ಟೆ ಹಿಡಿಯುವುದನ್ನು ಕಲಿತೆವು.

ಇನ್ನೊಂದು ಮಿಕ್ಸಿಂಗಿನದು. ನಾವು ತೆಗೆದ ಕ್ಯಾಸೆಟ್ಟುಗಳನ್ನು ಕೊಲ್ಲಾಪುರಕ್ಕೆ ಕಳಿಸುತ್ತಿದ್ದೆವು. ಅಲ್ಲಿ ಒಬ್ಬ ಯಂತ್ರದ ಮುಂದೆ ಕೂತು ಹಾಡು ಹಾಕಿ, ಹೂವು ಉದುರಿಸಿ, ಹೃದಯದ ಆಕಾರದೊಳಗೆ ಮದುಮಕ್ಕಳ ಮುಖ ಕೂರಿಸಿ ಕೊಡುತ್ತಿದ್ದ. ಅವನು ಮದುವೆಗೆ ಬಂದವನಲ್ಲ, ಮದುಮಗ ಯಾರು ಎಂದು ಅವನಿಗೇನು ಗೊತ್ತು. ಒಂದು ಮನೆಯಲ್ಲಿ ಮದುಮಗನೂ ಅವನ ಅಣ್ಣನೂ ಒಂದೇ ಬಣ್ಣದ ಪೇಟ ಸುತ್ತಿದ್ದರು. ಮನೆಮಂದಿಯೆಲ್ಲ ಜಮಖಾನ ಹಾಸಿ ಕೂತು ಕ್ಯಾಸೆಟ್ ಹಾಕಿದರೆ, ಹೃದಯದೊಳಗೆ ಮದುಮಗಳ ಪಕ್ಕ ಭಾವನ ಮುಖ. ಹಿಂದೆ ಪ್ರೀತಿಯ ಹಾಡು. ಆ ಭಾವನ ಹೆಂಡತಿ ಬಹಳ ದಿನ ನಮ್ಮ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆಮೇಲೆ ನಾನೇ ರೈಲು ಹತ್ತಿ ಕೊಲ್ಲಾಪುರಕ್ಕೆ ಹೋಗಿ ಆ ಮನುಷ್ಯನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. "ಅದನ್ನ ತಗೀ, ಇದನ್ನ ಇಡು, ಹೃದಯ ಬ್ಯಾಡ" ಅನ್ನುತ್ತಿದ್ದೆ. ಅವನಿಗೆ ನಾನು ಬರುವ ದಿನ ತಲೆನೋವು ಬರುತ್ತಿತ್ತು. ಆದರೆ ನೆನಪಿಡಿ, ಶೂಟಿಂಗ್ ಮಾಡುವುದು ಅರ್ಧ ಕೆಲಸ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಉಳಿದರ್ಧ.

ನನಗೆ ಮೇಲಧಿಕಾರಿ ಅಂತ ಯಾರೂ ಇರಲಿಲ್ಲ. ಒಂದೇ ಒಂದು ವಾರ ಒಬ್ಬನ ಕೈಕೆಳಗೆ ಕೆಲಸ ಮಾಡಿದ್ದೇನೆ. ಇಂಗ್ಲಂಡಿನಿಂದ ಒಬ್ಬ ಡೈರೆಕ್ಟರ್ ಮಿರಜದ ಸಿತಾರ ಮಾಡುವವರ ಮೇಲೆ ಟಿ.ವಿ.ಗಾಗಿ ಚಿತ್ರ ತೆಗೆಯಲು ಬಂದಿದ್ದ. ನೆತ್ತಿ ಬೋಳು, ಕೆಂಪು ಮುಖ, ವಯಸ್ಸಾದವ. ನಮ್ಮ ಲೈಟು ಬಾಡಿಗೆಗೆ ಕೇಳಿದ. ಲೈಟಿನ ಜೊತೆ ನಾನೂ ಹೋದೆ. ಆ ಓಣಿಯಲ್ಲಿ ಅವನಿಗೆ ಬೇಕಾದದ್ದು ಸದ್ದಿಲ್ಲದಿರುವುದು. ಅದು ಯಾರಿಂದ ಆಗಬೇಕು? ನಾನು ಮೂಲೆಯಲ್ಲಿ ನಿಂತು ರಿಕ್ಷಾದವರನ್ನು, ಪಾತ್ರೆ ತಿಕ್ಕುವವರನ್ನು, ಒಂದು ಕತ್ತೆಯನ್ನು ಸುಮ್ಮನಿರಿಸಿದೆ.

ಅವನು ಯಾರ ಮೇಲೂ ಕೂಗುತ್ತಿರಲಿಲ್ಲ. ಸಿತಾರದ ಕುಂಬಳದ ಬುರುಡೆ ಉಜ್ಜುತ್ತಿದ್ದ ಉಸ್ತಾದರಿಗೆ ಕೈಮುಗಿದು, ಇನ್ನೊಮ್ಮೆ, ಇನ್ನೊಮ್ಮೆ ಅನ್ನುತ್ತಿದ್ದ. ಕಡೆಗೆ ಉಸ್ತಾದರು ನನ್ನ ಕಡೆ ತಿರುಗಿ, "ಬಾಯಿ, ಇನ್ನೊಮ್ಮೆ ಉಜ್ಜಿದ್ರ ಇದು ತೂತು ಬೀಳತೈತಿ. ಸಾಹೇಬರಿಗೆ ಸಿತಾರ ಬೇಕೋ ಜರಡಿ ಬೇಕೋ ಕೇಳ್ರಿ" ಎಂದರು. ಜೊತೆಗಿದ್ದ ಕಾಲೇಜಿನ ಮಾಸ್ತರರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಕೆಮ್ಮು ಬರುವವರೆಗೂ ನಕ್ಕ.

ಚಹಾದ ಹೊತ್ತಿನಲ್ಲಿ ಮಾಸ್ತರರ ಮೂಲಕ ಅವನ ಕತೆ ಕೇಳಿದೆ. ಮೊದಲು ಸ್ಟುಡಿಯೋದಲ್ಲಿ ಚಹಾ ಹೊತ್ತನಂತೆ. ಆಮೇಲೆ ಟಿ.ವಿ.ಯಲ್ಲಿ ನಾಟಕ ಮಾಡಿಸಿದ, ಪೊಲೀಸರ ಧಾರಾವಾಹಿ ಮಾಡಿಸಿದ. ಒಂದು ದೊಡ್ಡ ಸಿನಿಮಾ ತೆಗೆದ, ಅದನ್ನು ಯಾರೂ ನೋಡಲಿಲ್ಲ. ಮತ್ತೆ ಟಿ.ವಿ.ಗೆ ಬಂದ. ಈಗ ಕರೆದವರ ಕೆಲಸಕ್ಕೆಲ್ಲ ಹೋಗುತ್ತಾನೆ. ಸಿನಿಮಾ ಬಿದ್ದಾಗ ಬೇಜಾರಾಗಲಿಲ್ಲವೇ ಎಂದು ಕೇಳಿಸಿದೆ. ಆಯಿತು, ಆದರೆ ಮರುವಾರ ಬೇರೆ ಕೆಲಸ ಬಂತು ಎಂದ. ಅದು ನನಗೆ ಹಿಡಿಸಿತು. ಹೋಗುವ ದಿನ ಮಾಸ್ತರರ ಕಡೆಯಿಂದ, ನೀವು ನನ್ನ ಒಳ್ಳೆಯ ಅಸಿಸ್ಟಂಟ್ ಆಗುತ್ತಿದ್ದಿರಿ ಎಂದು ಹೇಳಿಸಿದ. ನಾನು ಯಾರ ಅಸಿಸ್ಟಂಟೂ ಅಲ್ಲ ಎಂದು ತಿರುಗಿ ಹೇಳಿಸಿದೆ. ಮಾಸ್ತರರು ಅದನ್ನು ಹೇಳಿದರೋ ಬಿಟ್ಟರೋ ಗೊತ್ತಿಲ್ಲ.

ಅಷ್ಟರಲ್ಲಿ ಊರು ಬೆಳೆಯಿತು. ಸಾಂಗ್ಲಿಗೂ ಮಿರಜಕ್ಕೂ ನಡುವಿನ ಹೊಲಗಳು ಪ್ಲಾಟುಗಳಾದವು. ಮನೆಯ ಅಂಗಳದಲ್ಲಿ ಆಗುತ್ತಿದ್ದ ಮದುವೆಗಳು ಮಂಗಲ ಕಾರ್ಯಾಲಯಕ್ಕೆ ಬಂದವು. ಎಲ್ಲ ಮನೆಯ ಮೇಲೂ ಕೇಬಲ್ಲಿನ ಕರಿ ವೈರು ಜೋತುಬಿತ್ತು. ನಮ್ಮ ಓಣಿಗೆ ಕೇಬಲ್ ಕೊಡುತ್ತಿದ್ದವನು ಸಲೀಮ. ಗಣಪತಿ ಮುಳುಗಿಸುವ ದಿನ ಅವನ ಕೇಬಲ್ಲಿನಲ್ಲಿ ಮೆರವಣಿಗೆಯನ್ನು ಆಗಿಂದಾಗಲೇ ತೋರಿಸುತ್ತಿದ್ದೆವು. ಕ್ಯಾಮೆರಾದಿಂದ ವೈರು ಎಳೆದು ಅವನ ಪೆಟ್ಟಿಗೆಗೆ ಸಿಕ್ಕಿಸಿದರೆ ಊರೆಲ್ಲ ನೋಡುತ್ತಿತ್ತು. ಮೊದಲು ಹೇಳಿದೆನಲ್ಲ, ಎಲುಬು ಮುರಿದುಕೊಂಡ ಆ ಅಪ್ಪ, ಧನಪಾಲಣ್ಣ; ಅವನ ಹೆಂಡತಿ ಕುಸುಮಕ್ಕ ನನ್ನನ್ನು ಹುಡುಕಿಕೊಂಡು ಬಂದದ್ದು ಅದನ್ನು ನೋಡಿಯೇ.

ಅವರದು ಕಸಬೆ ಡಿಗ್ರಜ. ನಮ್ಮ ಹಾಗೆಯೇ ಜೈನರು, ಕಬ್ಬಿನ ಒಕ್ಕಲುತನ. ಒಬ್ಬಳೇ ಮಗಳ ಮದುವೆ ಹತ್ತಿರ ಬಂದಾಗ ಧನಪಾಲಣ್ಣ ಕಬ್ಬಿನ ಟ್ರಾಲಿಯ ಮೇಲಿನಿಂದ ಬಿದ್ದ. ತೊಡೆಯ ಎಲುಬು ಮುರಿಯಿತು. ಮಿರಜದ ದವಾಖಾನೆಯಲ್ಲಿ ಕಾಲನ್ನು ಮೇಲೆತ್ತಿ, ತುದಿಗೆ ಭಾರ ಕಟ್ಟಿ ಮಲಗಿಸಿದ್ದರು. ಮಂಚ ಬಿಟ್ಟು ಏಳುವ ಹಾಗಿಲ್ಲ. ಕುಸುಮಕ್ಕ ಊರಿನ ಕಾರ್ಯಾಲಯ ಬಿಟ್ಟು, ದವಾಖಾನೆಯ ಎದುರಿನ ಓಣಿಯಲ್ಲೇ ಇದ್ದ ಒಂದು ಕಾರ್ಯಾಲಯ ಹಿಡಿದಿದ್ದಳು.

"ಪದ್ಮಕ್ಕಾ, ನನಗ ಕ್ಯಾಸೆಟ್ ಬ್ಯಾಡ್ರಿ" ಎಂದಳು. "ಮದುವಿ ಆಗೂ ಹೊತ್ತಿಗೇ ಅವರಿಗೆ ಕಾಣಬೇಕು."

"ಮುಹೂರ್ತ ಮುಂದ ಹಾಕ್ರಲ್ಲಾ."

"ಮುಂದ ಚಾತುರ್ಮಾಸ. ಅಷ್ಟು ದಿನ ನಿಲ್ಲಾಕ ಬೀಗರು ಒಲ್ಲೆ ಅಂತಾರ. ನಮ್ಮ ಭಾವಾರು ಏನಂತಾರ ಗೊತ್ತೇನ್ರಿ? ನಾನೂ ನನ್ನ ಹೆಂಡತೀನೂ ಕನ್ಯಾದಾನಕ್ಕ ಕುಂದರತೇವಿ, ನೀ ಅಡಗಿ ಕಡೆ ನೋಡ್ಕೋ ಅಂತ."

"ನೀವೊಬ್ಬರs ಕುಂದರ್ರಿ."

"ಒಂಟಿ ಹೆಂಗಸು ಮಣಿ ಮ್ಯಾಲ ಕುಂದ್ರಾಂಗಿಲ್ಲಂತ. ಗಂಡ ಗಟ್ಟ್ಯಾಗಿ ಅದಾನ, ದವಾಖಾನ್ಯಾಗ ಮಲಗಿ ಸಿಸ್ಟರ್ ಕೂಡ ಜಗಳಾಡ್ಲಿಕತ್ಯಾನ. ನಾ ಒಂಟಿ ಹೆಂಗಾದೆ?"

ಭಾವ ಅಂದರೆ ಧನಪಾಲಣ್ಣನ ಅಣ್ಣ ಭೀಮಗೊಂಡ ದಾದಾ. ಹೊಲ ಪಾಲಾಗುವಾಗ ಬಾವಿಯ ಸಲುವಾಗಿ ಇಬ್ಬರೂ ಮಾತು ಬಿಟ್ಟಿದ್ದರು. ಬಾವಿ ಅಣ್ಣನ ಪಾಲಿಗೆ ಹೋಗಿತ್ತು. ನಾನು ವಾರ್ಡಿಗೆ ಹೋಗಿ ಧನಪಾಲಣ್ಣನನ್ನು ನೋಡಿದೆ. ದಪ್ಪ ಮೀಸೆಯ ಮನುಷ್ಯ, ಒಂದು ಕಾಲು ಆಕಾಶಕ್ಕೆ.

"ನೋಡವ್ವಾ" ಎಂದ. "ನನ್ನ ಕಾಲು ಮುರದೈತಿ. ಕೈ ಮುರದಿಲ್ಲ. ಬಾವಿ ಅವ ತಗೊಂಡ, ತಗೋಲಿ. ಮಗಳನ್ನೂ ಅವನs ಕೊಟ್ಟ ಅಂದ್ರ ನಾ ಯಾಕ ಹಡದೆ?"

ನಾನು ಸಲೀಮನನ್ನು ಕೇಳಿದೆ. ಓಣಿಯ ಮೇಲಿಂದ ಎರಡು ವೈರು ಎಳೆಯಬಹುದು ಎಂದ. ಒಂದು ಮಂಟಪದ ಚಿತ್ರವನ್ನು ವಾರ್ಡಿಗೆ ಒಯ್ಯುತ್ತದೆ, ಇನ್ನೊಂದು ವಾರ್ಡಿನ ಚಿತ್ರವನ್ನು ಮಂಟಪಕ್ಕೆ ತರುತ್ತದೆ. ಎರಡು ಕಡೆ ಎರಡು ಕ್ಯಾಮೆರಾ, ಎರಡು ಟಿ.ವಿ. ಮಂಟಪದ ಟಿ.ವಿ.ಯನ್ನು ಕುಸುಮಕ್ಕನ ಪಕ್ಕದಲ್ಲಿ ಗಂಡನ ಮಣೆಯ ಮೇಲೆ ಇಡುವುದು. ಧನಪಾಲಣ್ಣ ವಾರ್ಡಿನಲ್ಲಿ ತಂಬಿಗೆಯಿಂದ ನೀರು ಬಿಡುವುದು, ಅದೇ ಹೊತ್ತಿಗೆ ಕುಸುಮಕ್ಕ ಇಲ್ಲಿ ಮಕ್ಕಳ ಕೈಮೇಲೆ ನೀರು ಬಿಡುವುದು.

ಮದುವೆ ಮಾಡಿಸುವ ಉಪಾಧ್ಯೆಯವರು ಇದನ್ನು ಕೇಳಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

"ಶಾಸ್ತ್ರದಾಗ ಟೀವಿ ಇಲ್ಲ" ಎಂದರು. "ಬ್ಯಾಡ ಅಂತನೂ ಇಲ್ಲ. ಆದರ ಎರಡೂ ನೀರು ಕೂಡೇ ಬೀಳಬೇಕು. ಅವರ ಕೈಲೆ ನೀರು ಬಿದ್ದದ್ದು ನನಗ ಕಾಣಬೇಕು. ಕಾಣಲಿಲ್ಲ ಅಂದ್ರ ಭೀಮಗೊಂಡ ದಾದಾ ಕುಂದ್ರಲಿ."

ಭೀಮಗೊಂಡ ದಾದಾ ಅಲ್ಲೇ ಇದ್ದರು. "ಧೋತರಾ ಉಟಗೊಂಡs ಬರ್ತೇನಿ" ಎಂದರು.

ಮದುವೆಯ ದಿನ ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ನಮ್ಮವರು ಹಳೆಯ ಕ್ಯಾಮೆರಾ ಹಿಡಿದು ವಾರ್ಡಿನಲ್ಲಿ. ನಾನು ಮಂಟಪದಲ್ಲಿ. ಸಲೀಮ ಕಾರ್ಯಾಲಯದ ಮಾಳಿಗೆಯ ಮೇಲೆ ಸಣ್ಣ ಟಿ.ವಿ. ಇಟ್ಟುಕೊಂಡು ಹೋಗುವ ಚಿತ್ರ, ಬರುವ ಚಿತ್ರ ಎರಡನ್ನೂ ನೋಡುತ್ತಿದ್ದ. ಮಣೆಯ ಮೇಲಿನ ಟಿ.ವಿ.ಗೆ ಕುಸುಮಕ್ಕ ತಾನೇ ಶಲ್ಯ ಹೊದಿಸಿದಳು. ಒಳಗೆ ಧನಪಾಲಣ್ಣ ಹೊಸ ಪೇಟ ಸುತ್ತಿಕೊಂಡು ಕೂತಿದ್ದ. "ಏ ಪಾವ್ಣ್ಯಾ, ಉಪ್ಪಿಟ್ಟು ಬಂತೇನು ನಿಮಗ?" ಎಂದು ವಾರ್ಡಿನಿಂದಲೇ ಬೀಗರನ್ನು ವಿಚಾರಿಸಿಕೊಳ್ಳುತ್ತಿದ್ದ. ಜನ ಟಿ.ವಿ.ಯ ಮುಂದೆ ಬಂದು ಕೈಮುಗಿದು ಹೋಗುತ್ತಿದ್ದರು.

ಆಗ ಬೀಗರ ಕಡೆಯ ಹೆಂಗಸರ ಕಣ್ಣು ವೈರಿನ ಮೇಲೆ ಬಿತ್ತು. ಮಂಟಪದ ಕಂಬದ ಮೇಲಿಂದ ಇಳಿದ ಎರಡೂ ವೈರು ಕಪ್ಪು. ಮಂಗಲ ಕಾರ್ಯದಲ್ಲಿ, ಅದೂ ಮಣೆಯ ಹತ್ತಿರ, ಕರಿದು ಇರಬಾರದು ಎಂದರು. ತೆಗೆಯುವ ಹಾಗಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಮುಚ್ಚುತ್ತೇವೆ ಎಂದರು. ಅರಿಶಿನದ ಬಟ್ಟೆ ಸುತ್ತಿದರು, ಅದರ ಮೇಲೆ ಚೆಂಡು ಹೂವಿನ ಸರ ಸುತ್ತಿದರು. ನೋಡಲು ಚೆನ್ನಾಗಿಯೇ ಇತ್ತು. ನಾನು ಮದುಮಗಳನ್ನು ಕರೆತರುವುದನ್ನು ತೆಗೆಯಲು ಹೋದೆ.

ಬಂದು ನೋಡಿದರೆ ಟಿ.ವಿ.ಯಲ್ಲಿ ಧನಪಾಲಣ್ಣ ಇಲ್ಲ. ಕರಿ ಬಿಳಿ ಇರುವೆಗಳು ಹರಿದಾಡುತ್ತಿದ್ದವು. ಸುಂಯ್ ಎನ್ನುವ ಸದ್ದು.

ಮದುಮಕ್ಕಳು ಬಂದು ಕೂತಿದ್ದರು. ಉಪಾಧ್ಯೆಯವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಭೀಮಗೊಂಡ ದಾದಾ ಗಂಟಲು ಸರಿಪಡಿಸಿಕೊಂಡು ಎದ್ದರು.

"ಉಪಾಧ್ಯೆ, ನಿಮ್ಮ ಮಾತು ನಿಮಗ ನೆನಪೈತೋ ಇಲ್ಲೋ? ಇರುವಿ ಕೈಲೆ ಹುಡುಗೀನ ಕೊಡಸ್ತೀರೇನು?"

ಕೂತಿದ್ದ ಗಂಡಸರು ನಕ್ಕರು. ದಾದಾ ಮಣೆಯ ಹತ್ತಿರ ಬಂದು ಟಿ.ವಿ. ಎತ್ತಲು ಬಗ್ಗಿದರು. ಕುಸುಮಕ್ಕ ಟಿ.ವಿ.ಯ ಮೇಲೆ ಕೈ ಇಟ್ಟಳು.

"ಭಾವಾರ, ಅಲ್ಲಿ ಜಾಗಾ ಇಲ್ರಿ. ಅವರು ಕುಂತಾರ."

ಮೆತ್ತಗೇ ಹೇಳಿದಳು. ಆದರೆ ಭಾವನಿಗೆ ಎದುರು ನಿಂತು ಅವಳು ಮಾತಾಡಿದ್ದು ಅದೇ ಮೊದಲು ಇರಬೇಕು. ದಾದಾ ಬಗ್ಗಿದವರು ಹಾಗೇ ನಿಂತರು.

ನಾನು ಮಾಳಿಗೆಯ ಕಡೆ ಕೂಗಿದೆ. ಸಲೀಮ ಕೆಳಗೆ ಇಣುಕಿ, "ಮಾವಶಿ, ಇಲ್ಲಿತನಕ ಎರಡೂ ಛಲೋ ಅದಾವ್ರಿ. ನಮ್ಮ ಚಿತ್ರ ಅವರಿಗೆ ಹೊಂಟೈತಿ, ಅವರದೂ ನನಗ ಕಾಣತೈತಿ. ಮಾಳಿಗಿಯಿಂದ ಕೆಳಗ ಬರೂದ್ರಾಗ ಎಲ್ಲೋ ಹೋಗೇತಿ. ನೋಡ್ತೇನಿ" ಎಂದ.

"ನೋಡ್ತೇನಿ ಅಂದ್ರ ಎಷ್ಟೊತ್ತು?" ಎಂದರು ಉಪಾಧ್ಯೆ. ಅವನು ಆಗಲೇ ವೈರು ಹುಡುಕಲು ಹೊರಟಿದ್ದ.

ನಾನು ಉಪಾಧ್ಯೆಯವರಿಗೆ ಹೇಳಿದೆ: "ಮಾಮಾ, ನಮಗ ಅವರು ಕಾಣವಲ್ರು. ಅವರಿಗೆ ನಾವು ಕಾಣಸ್ತೇವಿ, ಕೇಳಸ್ತೇವಿ. ಅಲ್ಲಿ ನಮ್ಮವರು ಕ್ಯಾಸೆಟ್ ತುಂಬಾಕತ್ಯಾರ. ಊಟದಕಿಂತ ಮೊದಲು ಇದs ಟೀವ್ಯಾಗ ಹಾಕಿ ತೋರಸ್ತೇನಿ. ನೀವs ನೋಡ್ರಿ."

"ನೀರು ಬಿದ್ದಿರಲಿಲ್ಲ ಅಂದ್ರ?"

"ಆಗ ದಾದಾ ಕುಂದ್ರಲಿ. ಮತ್ತೊಮ್ಮೆ ಧಾರಿ ಎರೀರಿ. ನಾ ಮತ್ತೊಮ್ಮೆ ಶೂಟಿಂಗ್ ಮಾಡ್ತೇನಿ."

ಉಪಾಧ್ಯೆ ಕುಸುಮಕ್ಕನ ಮುಖ ನೋಡಿದರು. ಅವಳ ಕೈ ಇನ್ನೂ ಟಿ.ವಿ.ಯ ಮೇಲೆಯೇ ಇತ್ತು. "ಆತು" ಎಂದರು. ಭೀಮಗೊಂಡ ದಾದಾ, "ನಾ ಎಲ್ಲೂ ಹೋಗಾಂಗಿಲ್ಲ" ಎಂದು ಮಣೆಯ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತರು.

ಒಂದು ತೊಡಕು ಇತ್ತು. ಧಾರೆಯ ಹೊತ್ತಿಗೆ ವಾಲಗ ಜೋರಾಗಿ ಊದುತ್ತಾರೆ. ಮಂತ್ರ ಮುಗಿದದ್ದು ವಾರ್ಡಿನಲ್ಲಿ ಕೇಳುವುದಿಲ್ಲ. ಯಾವಾಗ ನೀರು ಬಿಡಬೇಕು ಎಂದು ಅವನಿಗೆ ತಿಳಿಯುವುದು ಹೇಗೆ? ನಾನು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿಕೊಂಡು, ಮೈಕಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ.

"ಧನಪಾಲಣ್ಣಾ, ನೀವು ನಮಗ ಕಾಣವಲ್ರಿ. ನಾವು ನಿಮಗ ಕಾಣಸ್ತೇವಿ. ತಂಬಿಗಿ ಹಿಡಕೊಂಡು ಕುಂದರ್ರಿ. ನಾ ಕ್ಯಾಮೆರಾ ಮುಂದ ನನ್ನ ಅಂಗೈ ಹಿಡೀತೇನಿ. ಅಂಗೈ ಕಂಡಕೂಡ್ಲೆ ನೀರು ಬಿಡ್ರಿ. ಅದಕಿಂತ ಮೊದಲ ಬ್ಯಾಡ, ಆಮ್ಯಾಲ ಬ್ಯಾಡ. ತಿಳೀತೇನ್ರಿ?"

ತಿಳಿಯಿತು ಎಂದನೋ ಇಲ್ಲವೋ ನಮಗೆ ಕೇಳುವ ಹಾಗಿರಲಿಲ್ಲ. ಇರುವೆಗಳು ಹರಿದಾಡುತ್ತಿದ್ದವು.

ಮಂತ್ರ ಮುಗಿಯುತ್ತ ಬಂತು. ವಾಲಗದವರು ಕೆನ್ನೆ ಉಬ್ಬಿಸಿದರು. ಕುಸುಮಕ್ಕ ತಂಬಿಗೆ ಎತ್ತಿದಳು. ಉಪಾಧ್ಯೆ ತಲೆ ಆಡಿಸಿದರು. ಅವಳು ತಂಬಿಗೆ ಬಾಗಿಸಿದ್ದು ಕಂಡು ನಾನು ಕ್ಯಾಮೆರಾದ ಮುಂದೆ ಅಂಗೈ ಹಿಡಿದೆ. ನೀರು ಮಕ್ಕಳ ಕೈಮೇಲಿಂದ ಹರಿವಾಣಕ್ಕೆ ಬಿತ್ತು. ಹುಡುಗಿ ಅಳುತ್ತಿದ್ದಳು, ಮದುಮಗ ನೆಗಡಿ ಬಂದವನ ಹಾಗೆ ಮೂಗು ಏರಿಸುತ್ತಿದ್ದ. ಟಿ.ವಿ. ಸುಂಯ್ ಅನ್ನುತ್ತಲೇ ಇತ್ತು.

ಅಕ್ಷತೆ ಬಿದ್ದ ಮೇಲೆ ಸಲೀಮ ಕಂಬದ ಹತ್ತಿರ ಬಂದು ಹೂವಿನ ಸರದ ಉದ್ದಕ್ಕೂ ಬೆರಳು ಆಡಿಸಿದ. ಚುರ್ ಎಂದು ಕೈ ಹಿಂದೆಗೆದು, ಬೆರಳು ಬಾಯಲ್ಲಿಟ್ಟುಕೊಂಡ. "ಮಾವಶಿ, ಇಲ್ನೋಡ್ರಿ, ಟಾಚಣಿ." ಹೂವಿನ ಸರ ಜಾರಬಾರದೆಂದು ಆ ಹೆಂಗಸರು ಗುಂಡುಸೂಜಿ ಚುಚ್ಚಿದ್ದರು. ಒಂದು ಬಟ್ಟೆ ದಾಟಿ ವೈರಿನ ನಡುವಿನ ತಂತಿಯವರೆಗೂ ಹೋಗಿತ್ತು. ಕಿತ್ತ ಕೂಡಲೇ ಇರುವೆಗಳು ಹೋಗಿ ಧನಪಾಲಣ್ಣ ಬಂದ. ಬನಿಯನ್ ಒದ್ದೆ. ಹೊದಿಕೆ ಒದ್ದೆ. ಸಿಸ್ಟರ್ ಬೈಯುತ್ತಿದ್ದಳು.

"ಒದ್ದಿ ಆಗೇತಲ್ರೀ" ಎಂದಳು ಕುಸುಮಕ್ಕ.

"ನೀರು ಕುಡಿಯೂ ಮುಂದ ಚೆಲ್ಲಿರಬೇಕು" ಎಂದರು ಭೀಮಗೊಂಡ ದಾದಾ, ಕುರ್ಚಿ ಬಿಟ್ಟೇಳದೆ.

ನಮ್ಮವರು ಕ್ಯಾಸೆಟ್ ಹಿಡಿದುಕೊಂಡು ಓಣಿ ದಾಟಿ ಬಂದರು. ಅಡುಗೆಯವರು ಎಲೆ ಹಾಕುವುದನ್ನು ನಿಲ್ಲಿಸಿದರು. ಟಿ.ವಿ. ಮಣೆಯ ಮೇಲೆಯೇ ಇತ್ತು. ವಿ.ಸಿ.ಆರ್. ತಂದು ಅದಕ್ಕೆ ಸಿಕ್ಕಿಸಿದೆ. ಉಪಾಧ್ಯೆ ಕನ್ನಡಕ ಒರೆಸಿಕೊಂಡು ಮುಂದೆ ಕೂತರು. ದಾದಾ ಅವರ ಪಕ್ಕದಲ್ಲಿ. ಮದುಮಕ್ಕಳು, ಬೀಗರು, ವಾಲಗದವರು ಎಲ್ಲರೂ ಹಿಂದೆ.

ಚಿತ್ರ ಬಂತು. ಮಂಚದ ಮೇಲೆ ಧನಪಾಲಣ್ಣ, ತೊಡೆಯ ಮೇಲೆ ಹಿತ್ತಾಳೆಯ ತಾಟು, ಕೈಯಲ್ಲಿ ತಂಬಿಗೆ. ಅವನ ಎದುರಿಗೆ ವಾರ್ಡಿನ ಟಿ.ವಿ.; ಅದರಲ್ಲಿ ನಮ್ಮ ಮಂಟಪ. ನಮ್ಮವರು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿದಿದ್ದರು. ಟಿ.ವಿ.ಯೊಳಗಿನ ಟಿ.ವಿ.ಯಲ್ಲಿ ಕುಸುಮಕ್ಕ ಸಣ್ಣದಾಗಿ ಕಾಣುತ್ತಿದ್ದಳು. ವಾಲಗ ಶುರುವಾಯಿತು. ಅವಳು ತಂಬಿಗೆ ಎತ್ತಿದಳು. ಇಲ್ಲಿ ಧನಪಾಲಣ್ಣನ ಕೈ ಎದ್ದಿತು. ಅವಳ ತಂಬಿಗೆ ಬಾಗಿತು, ಇವನದೂ ಬಾಗಿತು. ನೀರು ಧಾರೆ ಕಟ್ಟಿ ತಾಟಿಗೆ ಬಿತ್ತು, ತಾಟು ತುಂಬಿ ಹೊದಿಕೆಯ ಮೇಲೆ ಹರಿಯಿತು. ಆಮೇಲೆ ಆ ಸಣ್ಣ ಟಿ.ವಿ.ಯಲ್ಲಿ ಒಂದು ಅಂಗೈ ಬಂದು ಮಂಟಪವನ್ನೆಲ್ಲ ಮುಚ್ಚಿತು. ಅದು ನನ್ನದು. ಅಷ್ಟರಲ್ಲಿ ಧನಪಾಲಣ್ಣ ತಂಬಿಗೆ ಬೋರಲು ಮಾಡಿ ಕಡೆಯ ಹನಿ ಅಲ್ಲಾಡಿಸುತ್ತಿದ್ದ.

"ನೀರು ಬಿತ್ತು. ಎರಡೂ ಕೂಡೇ ಬಿತ್ತು" ಎಂದರು ಉಪಾಧ್ಯೆ. "ಎಲಿ ಹಾಕ್ರಿ."

ಭೀಮಗೊಂಡ ದಾದಾ ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ನೋಡಿದರು. "ಮೊದಲಿಂದ ಅಂವ ಹಂಗs. ಯಾರ ಮಾತೂ ಕೇಳಿದವ ಅಲ್ಲ" ಎಂದು ಧೋತರ ಎತ್ತಿಕಟ್ಟಿಕೊಂಡು ಪಂಕ್ತಿಯ ಕಡೆ ಹೋದರು. ಬಡಿಸುವವರ ಮೇಲೆ ರೇಗಾಡುವ ದನಿ ಊಟ ಮುಗಿಯುವವರೆಗೂ ಕೇಳಿಸುತ್ತಿತ್ತು.

ನನಗೂ ಸಿಟ್ಟು ಬಂದಿತ್ತು. ಅಷ್ಟು ಬಿಡಿಸಿ ಹೇಳಿದ್ದೆ. ಊಟ ಮುಗಿಸಿ ವಾರ್ಡಿಗೆ ಹೋದೆ. ಕುಸುಮಕ್ಕ ಆಗಲೇ ಬಂದು ಮಂಚದ ಬದಿಯಲ್ಲಿ ಕೂತು ಗಂಡನಿಗೆ ಹೋಳಿಗೆ ಮುರಿದು ಕೊಡುತ್ತಿದ್ದಳು.

"ಧನಪಾಲಣ್ಣಾ, ನನ್ನ ಕೈ ಬರೂತನಕ ತಡೀರಿ ಅಂತ ಹೇಳಿದ್ನೋ ಇಲ್ಲೋ? ಕೈ ನೋಡ್ಲಿಲ್ಲೇನು?"

"ಯಾವ ಕೈ?" ಎಂದ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು. "ಅಕಿ ಎತ್ತಿದಳು. ನಾ ಬಿಟ್ಟೆ."

ಕೊಲ್ಲಾಪುರದಲ್ಲಿ ಮಿಕ್ಸಿಂಗಿಗೆ ಕೂತಾಗ ಎರಡೂ ಕ್ಯಾಸೆಟ್ಟು ಪಕ್ಕಪಕ್ಕ ಓಡಿಸಿ ನೋಡಿದೆ. ಮಂಟಪದ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ನನ್ನ ಅಂಗೈ ಅಡ್ಡ ಬಂದಿತ್ತು. ಆ ತುಣುಕನ್ನು ತೆಗೆಸಿ, ಅಲ್ಲಿ ವಾರ್ಡಿನ ಧಾರೆಯನ್ನು ಹಾಕಿಸಿದೆ. ಅದರಲ್ಲೂ ಕೈ ಬರುವ ಮೊದಲೇ ನಿಲ್ಲಿಸು ಎಂದೆ. ಮಿಕ್ಸಿಂಗಿನವನು, "ಬಾಯಿ, ಇದು ಯಾರ ಕೈ? ಯಾಕ ಬಂದೈತಿ?" ಎಂದು ಕೇಳಿದ.

"ಸುಮ್ಮ ಬಂದೈತಿ, ತಗೀ" ಎಂದೆ.